ಗೋಡೆಯಾಚೆಯ ತೋಟವನ್ನು ಒಪೇರಾಕ್ಕೆ ತರುವಾಗ

ಪ್ರಶ್ನೆ: ನಾನು ಧಾರವಾಡದಲ್ಲಿ ಹಿಂದೂಸ್ತಾನಿ ಗಾಯನ ಕಲಿತವಳು. ಈಗ ನ್ಯೂಜೆರ್ಸಿಯಲ್ಲಿದ್ದೇನೆ, ಪಾಶ್ಚಾತ್ಯ ಸಂಗೀತ ಸಂಯೋಜನೆಯಲ್ಲಿ ಇತ್ತೀಚೆಗೆ ಸ್ನಾತಕೋತ್ತರ ಪದವಿ ಮುಗಿಯಿತು. ಜಾರ್ಜೋ ಬಸ್ಸಾನಿ ಅವರ ‘ಫಿಂಝಿ-ಕೊಂತಿನಿಗಳ ತೋಟ’ ಫ್ಯಾಸಿಸ್ಟ್ ಆಡಳಿತದ ಇಟಲಿಯಲ್ಲಿ, ಫೆರಾರಾ ನಗರದ ಸಿರಿವಂತ ಯೆಹೂದಿ ಕುಟುಂಬವೊಂದರ ಕಥೆ; ಆ ಮನೆಯ ಮಗಳನ್ನು ಪ್ರೀತಿಸಿದ ಯೆಹೂದಿ ಯುವಕನೊಬ್ಬ ಅದರ ನಿರೂಪಕ. ಆ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ ಮೇಲೆ ಅದನ್ನು ಚೇಂಬರ್ ಒಪೇರಾ ಮಾಡಬೇಕೆಂಬ ಹುಚ್ಚು ಹತ್ತಿದೆ. 13 ವಾದ್ಯ, 6 ಗಾಯಕರು, ನೂರು ನಿಮಿಷ ಎಂದು ನನ್ನ ಅಂದಾಜು. ಸ್ನೇಹಿತರೊಬ್ಬರು ಲಿಬ್ರೆಟೊ (ಒಪೇರಾದ ಪಠ್ಯ) ಬರೆಯಲು ಒಪ್ಪಿದ್ದಾರೆ. ಆದರೆ ಅಳುಕಿದೆ. ಅಷ್ಟು ದೊಡ್ಡ ಸಂಕಟದ ಮೇಲೆ ಹಾಡು ಕಟ್ಟುವುದು, ಅದೂ ಯೆಹೂದಿಯಲ್ಲದ ನಾನು, ಸರಿಯೇ? ಯೆಹೂದಿ ಸಂಗೀತ ನನ್ನ ಕಿವಿಗೆ ಬಸಂತ್ ಮುಖಾರಿಯಂತೆ ಕೇಳಿಸುತ್ತದೆ, ಅದನ್ನೇ ಆಧಾರ ಮಾಡಿಕೊಳ್ಳಲೇ? ಕಾದಂಬರಿಯಲ್ಲಿ ‘ನಡೆಯುವುದು’ ಬಹಳ ಕಡಿಮೆ. ಕೊನೆಯಲ್ಲಿ ಯಾತನಾ ಶಿಬಿರ ತೋರಿಸದಿದ್ದರೆ ಜನಕ್ಕೆ ತಟ್ಟೀತೇ? ಅನುಮತಿ ಯಾರ ಬಳಿ ಕೇಳಬೇಕು?

ಉತ್ತರ: ನೀವು ಕೊನೆಗೆ ಕೇಳಿದ್ದನ್ನು ಮೊದಲು ಮುಗಿಸೋಣ. ಹಕ್ಕಿನ ವಿಷಯ ಇತ್ಯರ್ಥವಾಗದೆ ಬರೆದ ಸಂಗೀತ ಬೀರುವಿನಲ್ಲೇ ಉಳಿಯುತ್ತದೆ.

ಬಸ್ಸಾನಿ ತೀರಿಕೊಂಡದ್ದು 2000ದಲ್ಲಿ. ಯುರೋಪಿನಲ್ಲಿ ಲೇಖಕರು ತೀರಿದ ಮೇಲೆ 70 ವರ್ಷ ಕೃತಿಸ್ವಾಮ್ಯ ಇರುತ್ತದೆ, ಅಂದರೆ 2070ರ ಕೊನೆಯವರೆಗೆ. ಭಾರತದಲ್ಲಿ 60 ವರ್ಷ, 2060ರ ಕೊನೆಯವರೆಗೆ. ಪ್ರಕಾಶಕರಿಗೆ ಬರೆಯುವಾಗ ಬರೀ ‘ಅನುಮತಿ ಕೊಡಿ’ ಎಂದರೆ ಸಾಲದು. ಬೇಕಾದದ್ದು ರಂಗಸಂಗೀತ ರೂಪಾಂತರದ ಹಕ್ಕು. ಸಿನಿಮಾ ಹಕ್ಕು ಬೇರೆ, ನಾಟಕದ ಹಕ್ಕು ಬೇರೆ, ಅನುವಾದದ ಹಕ್ಕು ಬೇರೆ. ನೀವು ಓದಿದ ಇಂಗ್ಲಿಷ್ ಪಠ್ಯದ ವಾಕ್ಯಗಳು ಅನುವಾದಕರ ಸ್ವತ್ತು. ಲಿಬ್ರೆಟೊದಲ್ಲಿ ಅವು ನುಸುಳಿದರೆ ಎರಡನೆಯ ಒಪ್ಪಂದವೂ ಬೇಕಾಗುತ್ತದೆ. ಆದ್ದರಿಂದ ಇಟಾಲಿಯನ್ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು, ಬೇಕಾದ ಭಾಗಗಳನ್ನು ಹೊಸದಾಗಿ ಅನುವಾದಿಸಿಕೊಳ್ಳಲು ನಿಮ್ಮ ಸ್ನೇಹಿತರಿಗೆ ಹೇಳಿ.

ಇನ್ನೊಂದು ತೊಡಕಿದೆ, ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಈ ಕಾದಂಬರಿ ಆಗಲೇ ಒಪೇರಾ ಆಗಿದೆ. ರಿಕಿ ಇಯಾನ್ ಗಾರ್ಡನ್ ಸಂಗೀತ, ಮೈಕಲ್ ಕೋರಿ ಲಿಬ್ರೆಟೊ. ನಿಮ್ಮ ಮನೆಯಿಂದ ನದಿ ದಾಟಿದರೆ ಸಿಗುವ ನ್ಯೂಯಾರ್ಕಿನ ಯೆಹೂದಿ ಪರಂಪರೆಯ ಮ್ಯೂಸಿಯಂ ಸಭಾಂಗಣದಲ್ಲಿ, 2022ರ ಜನವರಿಯಲ್ಲಿ, ನ್ಯೂಯಾರ್ಕ್ ಸಿಟಿ ಒಪೇರಾ ಮತ್ತು ನ್ಯಾಷನಲ್ ಯಿಡ್ಡಿಷ್ ಥಿಯೇಟರ್ ಫೋಕ್ಸ್‌ಬೀನೆ ಸೇರಿ ಅದನ್ನು ಮೊದಲ ಸಲ ಆಡಿದವು. ಇಂಥ ಒಪ್ಪಂದಗಳಲ್ಲಿ ‘ಇಷ್ಟು ವರ್ಷ ಇನ್ಯಾರಿಗೂ ಕೊಡುವಂತಿಲ್ಲ’ ಎಂಬ ಷರತ್ತು ಸಾಮಾನ್ಯ. ಹಾಗಾಗಿ ಮೊದಲ ಪತ್ರದಲ್ಲಿ ಕೇಳಬೇಕಾದದ್ದು ಇಷ್ಟೇ: ಅಂಥ ನಿರ್ಬಂಧ ಇದೆಯೇ, ಇದ್ದರೆ ಎಂದಿನವರೆಗೆ, ಬೇರೆ ಭಾಷೆಗೆ ಅಥವಾ ಚೇಂಬರ್ ಪ್ರಮಾಣದ ಕೃತಿಗೆ ವಿನಾಯಿತಿ ಉಂಟೇ. ಒಪ್ಪಿದರೆ ಹಕ್ಕನ್ನು ನಿಮಗಾಗಿ ಕಾದಿರಿಸುವ 12ರಿಂದ 24 ತಿಂಗಳ ಆಯ್ಕೆ ಒಪ್ಪಂದ ಮಾಡಿಕೊಳ್ಳಿ, ಮುಂದುವರಿಸುವ ಅವಕಾಶ ಅದರಲ್ಲೇ ಬರೆದಿರಲಿ. ಒಪ್ಪದಿದ್ದರೆ ಏನು ಮಾಡಬಹುದೆಂದು ಕೊನೆಯಲ್ಲಿ ಹೇಳುತ್ತೇನೆ.

ಇನ್ನು ನಿಮ್ಮ ಅಳುಕಿಗೆ ಬರೋಣ. ‘ಆಶ್ವಿಟ್ಜ್ ಆದ ಮೇಲೆ ಕವಿತೆ ಬರೆಯುವುದು ಅನಾಗರಿಕ’ ಎಂಬ ಜರ್ಮನ್ ಚಿಂತಕ ಅಡೋರ್ನೊ ಅವರ ಮಾತನ್ನು ಎಲ್ಲರೂ ನಿಷೇಧಾಜ್ಞೆಯಂತೆ ಉಲ್ಲೇಖಿಸುತ್ತಾರೆ. ಅವರೇ 1966ರಲ್ಲಿ ಆ ಮಾತನ್ನು ತಿದ್ದಿಕೊಂಡರು. ಹಿಂಸೆಗೆ ಒಳಗಾದವನಿಗೆ ಚೀರುವ ಹಕ್ಕು ಎಷ್ಟಿದೆಯೋ ನೋವಿಗೆ ಹೇಳಿಕೊಳ್ಳುವ ಹಕ್ಕೂ ಅಷ್ಟೇ ಇದೆ ಎಂಬ ಅರ್ಥದಲ್ಲಿ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೆಂದರೆ, ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ತೆರೆಸಿನ್ ಬಂಧನದೊಳಗೇ ಸಂಗೀತಕಾರ ವಿಕ್ಟರ್ ಉಲ್ಮನ್ ಒಪೇರಾ ಬರೆದರು, ಪೆಟರ್ ಕೀನ್ ಅದರ ಲಿಬ್ರೆಟೊ ಬರೆದರು. ಇಬ್ಬರೂ ಆಶ್ವಿಟ್ಜ್‌ನಿಂದ ಮರಳಲಿಲ್ಲ. ಕೃತಿ ರಂಗಕ್ಕೆ ಬಂದದ್ದು 1975ರಲ್ಲಿ, ಆಮ್‌ಸ್ಟರ್‌ಡಾಮಿನಲ್ಲಿ. ಹಾಡಬಹುದೇ ಎಂಬುದು ಇತ್ಯರ್ಥವಾದ ಪ್ರಶ್ನೆ. ಹೊರಗಿನವರು ಎಡವುವುದು ಅಲ್ಲಲ್ಲ, ವಿವರದಲ್ಲಿ. ನಿಮ್ಮ ಬಸಂತ್ ಮುಖಾರಿ ಅದಕ್ಕೆ ಒಳ್ಳೆಯ ಉದಾಹರಣೆ.

ನಿಮ್ಮ ಕಿವಿ ತಪ್ಪಿಲ್ಲ. ಪೂರ್ವ ಯುರೋಪಿನ ಯೆಹೂದಿಗಳ ಕ್ಲೆಜ್‌ಮರ್ ವಾದ್ಯಸಂಗೀತದಲ್ಲಿ ‘ಫ್ರೈಗಿಷ್’ ಎನ್ನುವ ಸ್ವರಕ್ರಮವಿದೆ. ಕೋಮಲ ರಿಷಭ, ಶುದ್ಧ ಗಾಂಧಾರ, ಕೋಮಲ ಧೈವತ, ಕೋಮಲ ನಿಷಾದ. ಹಿಂದೂಸ್ತಾನಿಯ ಬಸಂತ್ ಮುಖಾರಿ, ಕರ್ನಾಟಕ ಸಂಗೀತದ 14ನೇ ಮೇಳ ವಕುಳಾಭರಣ, ಮೂರರ ಸ್ವರಗಳೂ ಒಂದೇ. ಸಮಸ್ಯೆ ಏನೆಂದರೆ, ಕಾದಂಬರಿಯ ಫೆರಾರಾ ನಗರಕ್ಕೂ ಅದಕ್ಕೂ ಸಂಬಂಧವಿಲ್ಲ. ಇಟಲಿಯ ಈ ಯೆಹೂದಿಗಳು ಪೂರ್ವ ಯುರೋಪಿನ ಯೆಹೂದಿಗಳ ಭಾಷೆಯಾದ ಯಿಡ್ಡಿಷ್ ಆಡುತ್ತಿರಲಿಲ್ಲ; ಮನೆಯಲ್ಲಿ ಇಟಾಲಿಯನ್, ಊರಿನ ಫೆರಾರೀಸ್ ಮಾತು, ನಡುವೆ ಒಂದಷ್ಟು ಹೀಬ್ರೂ ಪದ. ಫೆರಾರಾದಲ್ಲಿ ಇಟಾಲಿಯನ್, ಜರ್ಮನ್, ಸ್ಪ್ಯಾನಿಷ್ ಎಂದು ಮೂರು ಪದ್ಧತಿಯ ಪೂಜಾಮಂದಿರಗಳಿದ್ದವು. ನೂರು ಕಿಲೋಮೀಟರ್ ಒಳಗಿನ ಮಾಂತುವಾದಲ್ಲಿ ಯೆಹೂದಿ ಸಂಗೀತಕಾರ ಸಾಲಮೋನೆ ರೋಸ್ಸಿ 1620ರ ದಶಕದಲ್ಲೇ ಹೀಬ್ರೂ ಪ್ರಾರ್ಥನೆಗಳನ್ನು ಬಹುಧ್ವನಿಯಲ್ಲಿ, ತನ್ನ ಕಾಲದ ಇಟಾಲಿಯನ್ ಶೈಲಿಯಲ್ಲೇ ಕಟ್ಟಿದ್ದ. ಕಾದಂಬರಿಯ ಯುವಕರ ಕಿವಿಯಲ್ಲಿರುವುದು ವೆರ್ಡಿಯ ಒಪೇರಾ, ರೇಡಿಯೊದ ನೃತ್ಯಸಂಗೀತ, ಫಿಂಝಿ-ಕೊಂತಿನಿಗಳ ಮಗ ಆಲ್ಬೆರ್ತೋನ ಕೋಣೆಯ ಗ್ರಾಮಾಫೋನು. ಅವರು ಎಲ್ಲ ಇಟಾಲಿಯನ್ನರಂತೆಯೇ ಇದ್ದರು, ಒಂದು ದಿನ ‘ಅಲ್ಲ’ ಎಂದು ಸರ್ಕಾರ ಹೇಳಿತು. ಮೊದಲ ಅಂಕದಲ್ಲೇ ಕ್ಲಾರಿನೆಟ್ ವಕುಳಾಭರಣದಲ್ಲಿ ನುಲಿದರೆ ನೀವೂ ಆ ಸರ್ಕಾರದ ಮಾತನ್ನೇ ಒಪ್ಪಿದಂತೆ: ಇವರು ಮೊದಲಿನಿಂದಲೂ ಬೇರೆಯವರು ಎಂದು. ಕಾದಂಬರಿಯ ನೋವೇ ಅಲ್ಲಿ ಸೋರಿಹೋಗುತ್ತದೆ.

ಹಾಗಾದರೆ ಯಾವುದನ್ನು ಬಳಸಬಹುದು? ಲಿಯೋ ಲೇವಿ ಎಂಬ ಸಂಶೋಧಕರು 1950ರ ದಶಕದಲ್ಲಿ ಇಟಲಿಯ ಯೆಹೂದಿ ಸಮುದಾಯಗಳ ಪ್ರಾರ್ಥನಾಗೀತಗಳನ್ನು ಧ್ವನಿಮುದ್ರಿಸಿದರು. ಆ ಸಂಗ್ರಹ ರೋಮಿನ ಸಾಂತಾ ಚಿಚೀಲಿಯ ಅಕಾಡೆಮಿಯಲ್ಲೂ ಜೆರುಸಲೇಮಿನಲ್ಲೂ ಇದೆ. ಅದನ್ನು ಕೇಳದೆ ಯೆಹೂದಿಗಳ ಪಾಸೋವರ್ ಹಬ್ಬದ ಊಟದ ದೃಶ್ಯಕ್ಕೆ ಕೈ ಹಾಕಬೇಡಿ. ಉಚ್ಚಾರಣೆಯೂ ಬೇರೆ. ಇಟಲಿಯ ಸಂಪ್ರದಾಯದಲ್ಲಿ ಹೀಬ್ರೂವಿನ ‘ಅಯಿನ್’ ಅಕ್ಷರ ಅನುನಾಸಿಕವಾಗುತ್ತದೆ, ‘ಶೆಮಾ’ ಎಂಬ ಪ್ರಾರ್ಥನೆ ‘ಶೆಮಂಗ್’ ಎಂದು ಕೇಳಿಸುತ್ತದೆ. ಪ್ರಾರ್ಥನೆಯ ಹೊದಿಕೆಯನ್ನು ಅವರು ‘ತಲೇದ್’ ಎನ್ನುತ್ತಾರೆ. ನ್ಯೂಜೆರ್ಸಿಯ ಗಾಯಕರು ತಮಗೆ ರೂಢಿಯಾದಂತೆ ಹಾಡಿಬಿಡುತ್ತಾರೆ. ಸ್ವರಲಿಪಿಯಲ್ಲೇ ಉಚ್ಚಾರಣೆ ಬರೆದುಕೊಡಿ.

ಫ್ಯಾಸಿಸ್ಟರ ಗೀತೆ ‘ಜೋವಿನೆತ್ಸಾ’ ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಸಂಗೀತಗಾರ ಜುಸೆಪ್ಪೆ ಬ್ಲಾಂಕ್ ತೀರಿದ್ದು 1969ರಲ್ಲಿ, ಯುರೋಪಿನಲ್ಲಿ 2039ರವರೆಗೆ ಹಕ್ಕಿದೆ. ಅದು ಸಣ್ಣ ತೊಂದರೆ. ದೊಡ್ಡ ತೊಂದರೆ ಎಂದರೆ ಅದು ಕುಣಿಸುವ ಹಾಡು, ಪೂರ್ತಿ ಹಾಡಿಸಿದರೆ ಪ್ರೇಕ್ಷಕರ ಕಾಲು ತಾಳ ಹಾಕುತ್ತದೆ. ಉಲ್ಮನ್ ಜರ್ಮನ್ ರಾಷ್ಟ್ರಗೀತೆಯನ್ನು ತಿರುಚಿ, ಕುಂಟಿಸಿ ಬಳಸಿದ್ದು ಸುಮ್ಮನೆ ಅಲ್ಲ. ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ವಸ್ತು ಬೇರೆಯೇ ಇದೆ. ಆಗಿನ ಇಟಲಿಯ ಸರ್ಕಾರಿ ರೇಡಿಯೊ ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಯಾಂತ್ರಿಕ ಹಕ್ಕಿಯೊಂದರ ಕೂಗು ಹಾಕುತ್ತಿತ್ತು. ತೋಟದ ಹಕ್ಕಿಗಳಿಗೆ ಕೊಳಲು ಕೊಡಿ, ರೇಡಿಯೊ ಹಕ್ಕಿಗೆ ಅದೇ ಕೊಳಲಿನವರ ಕಿರುಕೊಳಲು ಪಿಕೊಲೊ ಕೊಡಿ, ಪ್ರತಿಸಲವೂ ಚೂರೂ ಬದಲಾಗದೆ ಬರುವಂತೆ. ಮೂರನೆಯ ಸಲಕ್ಕೆ ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಿಲ್ಲ.

‘ಏನೂ ನಡೆಯುವುದಿಲ್ಲ’ ಎಂದಿರಿ. ಅದಕ್ಕೆ ಕಾರಣ ಇತಿಹಾಸದಲ್ಲೇ ಇದೆ, ಲಿಬ್ರೆಟೊ ಬರೆಯುವವರು ಹೆಚ್ಚು ತಪ್ಪುವುದೂ ಇಲ್ಲೇ. ಮುಸೊಲಿನಿ ಅಧಿಕಾರಕ್ಕೆ ಬಂದದ್ದು 1922ರಲ್ಲಿ. ಯೆಹೂದಿಗಳ ವಿರುದ್ಧದ ಜನಾಂಗ ಕಾನೂನುಗಳು ಬಂದದ್ದು 1938ರಲ್ಲಿ. ಅದಕ್ಕೆ ಮುಂಚೆ ಸಾವಿರಾರು ಯೆಹೂದಿಗಳು ಸ್ವತಃ ಫ್ಯಾಸಿಸ್ಟ್ ಪಕ್ಷದ ಸದಸ್ಯರಾಗಿದ್ದರು, ನಿರೂಪಕನ ತಂದೆಯೂ ಅಂಥವನೇ. ಇಟಲಿಯಿಂದ ಗಡೀಪಾರು ಶುರುವಾದದ್ದು 1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಆಕ್ರಮಿಸಿದ ಮೇಲೆ. ನಡುವಿನ ಐದು ವರ್ಷ ರೈಲೂ ಇಲ್ಲ, ಬಂದೂಕೂ ಇಲ್ಲ, ಬರೀ ಕಾಗದ. 1938ರ ನವೆಂಬರ್ 17ರ 1728ನೇ ಸಂಖ್ಯೆಯ ಆಜ್ಞೆ ಓದಿ ನೋಡಿ. ‘ಆರ್ಯ’ರೊಂದಿಗೆ ಮದುವೆ ಇಲ್ಲ, ‘ಆರ್ಯ’ ಮನೆಕೆಲಸದವರನ್ನು ಇಟ್ಟುಕೊಳ್ಳುವಂತಿಲ್ಲ, ಸರ್ಕಾರಿ ನೌಕರಿ ಇಲ್ಲ, ಸೈನ್ಯ ಸೇವೆ ಇಲ್ಲ, 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಉದ್ಯಮ ನಡೆಸುವಂತಿಲ್ಲ. ಶಾಲೆಗಳಿಂದ ಹೊರಹಾಕುವ ಆಜ್ಞೆ ಸೆಪ್ಟೆಂಬರಿನಲ್ಲೇ ಬಂದಿತ್ತು. ಆದರೆ ವಿಶ್ವವಿದ್ಯಾಲಯಕ್ಕೆ ಮೊದಲೇ ಸೇರಿದವರು ಓದು ಮುಗಿಸಬಹುದಿತ್ತು, ನಿರೂಪಕ ಪ್ರೀತಿಸುವ ಮಿಕೋಲ್ ವೆನಿಸಿನಲ್ಲಿ ಪದವಿ ಪಡೆಯಲು ಸಾಧ್ಯವಾದದ್ದು ಅದರಿಂದ. ಎಷ್ಟೋ ಕರಡುಗಳಲ್ಲಿ ಅವಳನ್ನೂ ಕಾಲೇಜಿನಿಂದ ಓಡಿಸಿಬಿಡುತ್ತಾರೆ.

ಈ ಆಜ್ಞೆಯ ಭಾಷೆ ನಿಮಗೆ ಉಚಿತವಾಗಿ ಸಿಗುವ ಲಿಬ್ರೆಟೊ. ಇಟಲಿಯಲ್ಲಿ ಸರ್ಕಾರಿ ಶಾಸನ ಪಠ್ಯಕ್ಕೆ ಕೃತಿಸ್ವಾಮ್ಯವಿಲ್ಲ. ಅದನ್ನು ರೌದ್ರವಾಗಿ ಹಾಡಿಸಬೇಡಿ. ಒಂದೇ ಸ್ವರದ ಮೇಲೆ, ಪೂಜಾರಿ ಸಂಕಲ್ಪ ಹೇಳಿದ ಹಾಗೆ, ತಂತಿವಾದ್ಯಗಳ ಆಧಾರಸ್ವರ ಮಾತ್ರ ಇಟ್ಟು ಹೇಳಿಸಿ. ಅಷ್ಟರಲ್ಲಿ ಮುಂಭಾಗದಲ್ಲಿ ಯಾರೋ ಟೆನ್ನಿಸ್ ರ‍್ಯಾಕೆಟ್ಟಿನ ತಂತಿ ಬಿಗಿಯುತ್ತಿರಲಿ. ಟೆನ್ನಿಸ್ ಕ್ಲಬ್ಬಿನಿಂದ ಹೊರಬಿದ್ದ ಹುಡುಗರನ್ನು ಫಿಂಝಿ-ಕೊಂತಿನಿಗಳು ತಮ್ಮ ತೋಟದ ಅಂಗಳಕ್ಕೆ ಆಡಲು ಕರೆಯುವುದು, ನಗರ ಗ್ರಂಥಾಲಯದಿಂದ ಎಬ್ಬಿಸಿದ ನಿರೂಪಕನಿಗೆ ಮಿಕೋಲಳ ತಂದೆ ಪ್ರೊಫೆಸರ್ ಎರ್ಮಾನ್ನೊ ತಮ್ಮ ಪುಸ್ತಕಗಳ ಬಾಗಿಲು ತೆರೆಯುವುದು, ಇವೇ ನಿಮ್ಮ ‘ಘಟನೆ’ಗಳು. ಹೊರಗೆ ಒಂದೊಂದು ಬಾಗಿಲು ಮುಚ್ಚಿದ ಹಾಗೆ ಒಳಗೆ ಒಂದು ತೆರೆಯುತ್ತದೆ, ತೋಟ ಹಿತವಾಗುತ್ತ ಹೋಗುತ್ತದೆ. ಆ ಹಿತ ಪ್ರೇಕ್ಷಕರಿಗೂ ಅಂಟಬೇಕು, ಮೋಸ ಇರುವುದೇ ಅದರಲ್ಲಿ.

ಟೆನ್ನಿಸ್ ಬಗ್ಗೆ ಒಂದು ಸಣ್ಣ ಮಾತು, ಏಕೆಂದರೆ ಇದು ತಾಲೀಮಿನಲ್ಲಿ ನಗೆಪಾಟಲಾಗುವ ಜಾಗ. ಚೆಂಡು ಬೇಡ, ಮರದ ತಾಳವಾದ್ಯದ ‘ಟಕ್’ ಸಾಕು. ಹವ್ಯಾಸಿ ಆಟದಲ್ಲಿ ಎರಡು ಹೊಡೆತಗಳ ನಡುವೆ ಒಂದೂಕಾಲರಿಂದ ಒಂದೂವರೆ ಸೆಕೆಂಡು ಇರುತ್ತದೆ, ಅಂದರೆ ನಿಮಿಷಕ್ಕೆ 40–48 ಪೆಟ್ಟು. ಉತ್ಸಾಹದಲ್ಲಿ 100ರ ಗತಿ ಬರೆದರೆ ಗಾಯಕರು ನೊಣ ಹೊಡೆಯುವವರಂತೆ ಕಾಣುತ್ತಾರೆ.

ಈಗ ನಿಜವಾದ ಕಷ್ಟಕ್ಕೆ ಬಂದೆವು. ಅದು ಶಿಬಿರ ತೋರಿಸುವುದೋ ಬೇಡವೋ ಎಂಬುದಲ್ಲ, ಕೊನೆ ಏನೆಂದು ಗೊತ್ತಿರುವವರು ರಂಗದ ಮೇಲೆ ಯಾರು ಎಂಬುದು. ಕಾದಂಬರಿ 1957ರಲ್ಲಿ, ರೋಮ್ ಹತ್ತಿರದ ಚೆರ್ವೆತೆರಿಯ ಪ್ರಾಚೀನ ಗೋರಿಗಳ ಬಳಿ ಶುರುವಾಗುತ್ತದೆ. ಈ ಕುಟುಂಬಕ್ಕೆ ಗೋರಿಯೂ ದಕ್ಕಲಿಲ್ಲ ಎಂಬುದನ್ನು ನಿರೂಪಕ ಅಲ್ಲೇ ಹೇಳಿಬಿಡುತ್ತಾನೆ: 1942ರಲ್ಲಿ ಕಾಯಿಲೆಯಿಂದ ಸತ್ತ ಆಲ್ಬೆರ್ತೋಗೆ ಮಾತ್ರ ಮನೆತನದ ಸಮಾಧಿ, ಉಳಿದವರನ್ನು 1943ರಲ್ಲಿ ಜರ್ಮನಿಗೆ ಸಾಗಿಸಲಾಯಿತು. ಆಮೇಲೆ ಇನ್ನೂರು ಚಿಲ್ಲರೆ ಪುಟ ಅವನು ಪ್ರೀತಿ, ಟೆನ್ನಿಸ್, ಮುನಿಸು ಹೇಳುತ್ತಾನೆ. ನಮಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ. ಈ ಅಂತರವೇ ಪುಸ್ತಕದ ಬಿಸಿ. ರಂಗದಲ್ಲಿ ಎಲ್ಲವೂ ‘ಈಗ’ ನಡೆಯುವುದರಿಂದ ಅಂತರ ತಾನಾಗಿ ಅಳಿಸಿಹೋಗುತ್ತದೆ. ಅದನ್ನು ಕಟ್ಟಲು ನನಗೆ ಕಾಣುವ ದಾರಿ ಮೂರು.

ನಿರೂಪಕನನ್ನು ಇಬ್ಬರಾಗಿಸುವುದು ಒಂದು: 1957ರ ಹಿರಿಯ, 1938ರ ಹುಡುಗ. ನಮ್ಮವರಿಗೆ ಇದು ಹೊಸದೇನಲ್ಲ, ಯಕ್ಷಗಾನದಲ್ಲಿ ಕಥೆ ಪೂರ್ತಿ ಬಲ್ಲ ಭಾಗವತ ಒಂದು ಕಡೆ ಕೂತಿರುತ್ತಾನೆ, ಪಾತ್ರಕ್ಕೆ ಅದು ಗೊತ್ತಿರುವುದಿಲ್ಲ. ಅಪಾಯವೆಂದರೆ ಹಿರಿಯ ಪ್ರತಿ ದೃಶ್ಯಕ್ಕೂ ಬಂದು ನಿಟ್ಟುಸಿರು ಬಿಡತೊಡಗುತ್ತಾನೆ. ಅವನಿಗೆ ನಾಲ್ಕು ಪ್ರವೇಶಕ್ಕಿಂತ ಹೆಚ್ಚು ಕೊಡಬೇಡಿ. ಮತ್ತು ಆರು ಗಾಯಕರಲ್ಲಿ ಒಬ್ಬ ಅವನಿಗೇ ಖರ್ಚಾಗುತ್ತಾನೆ.

ರಂಗವನ್ನೇ ಎರಡು ಕಾಲವಾಗಿ ಒಡೆಯುವುದು ಇನ್ನೊಂದು. ವೈನ್‌ಬರ್ಗ್ ಅವರ ‘ಪ್ಯಾಸೆಂಜರ್’ ಒಪೇರಾದಲ್ಲಿ, ಅದೂ ಕಾದಂಬರಿಯಿಂದಲೇ ಬಂದದ್ದು, ಯುದ್ಧಾನಂತರದ ಹಡಗು ಮತ್ತು ಆಶ್ವಿಟ್ಜ್ ಎರಡೂ ಇವೆ. 2010ರ ಬ್ರೆಗೆನ್ಸ್ ಪ್ರದರ್ಶನದಲ್ಲಿ ಹಡಗಿನ ಬಿಳಿ ಅಟ್ಟ ಮೇಲೆ, ಶಿಬಿರ ಕೆಳಗೆ. ಅಲ್ಲಿ ಅದು ಸಲ್ಲುತ್ತದೆ, ಏಕೆಂದರೆ ಮೂಲ ಬರೆದ ಜೋಫಿಯಾ ಪೊಸ್ಮಿಶ್ ಸ್ವತಃ ಆ ಶಿಬಿರದಲ್ಲಿದ್ದು ಬದುಕಿ ಬಂದವರು. ಬಸ್ಸಾನಿಯ ನಿರೂಪಕ ಶಿಬಿರ ಕಂಡವನಲ್ಲ, ಕಾಣದ್ದನ್ನು ಅವನು ಹೇಳುವುದೂ ಇಲ್ಲ. ನೀವು ಅದನ್ನು ರಂಗದ ಮೇಲೆ ತಂದರೆ ನಿರೂಪಕನ ಪ್ರಾಮಾಣಿಕತೆಯನ್ನೇ ಮುರಿದಂತೆ. ಜತೆಗೆ ಪಟ್ಟೆ ಅಂಗಿ, ಹೊಗೆಯಂತ್ರ ಬಂದಕೂಡಲೇ ಪ್ರೇಕ್ಷಕರು ಮಿಕೋಲಳನ್ನು ಬಿಟ್ಟು ತಾವು ಹಿಂದೆ ನೋಡಿದ ಯಾವುದೋ ಸಿನಿಮಾ ನೆನೆಯತೊಡಗುತ್ತಾರೆ.

ಮೂರನೆಯದು, ನಾನು ನಿಮಗೆ ಹೇಳುವುದು ಇದನ್ನೇ: ಅರಿವನ್ನು ವಾದ್ಯಗಳಿಗೆ ಕೊಡಿ. ಪ್ರಸ್ತಾವನೆಯಲ್ಲಿ ‘ಸಾಗಿಸಲಾಯಿತು’ ಎಂಬ ಪದದ ಕೆಳಗೆ ಒಂದು ಸ್ವರಗುಚ್ಛ ಇಡಿ, ಮೂರು ನಾಲ್ಕು ಸ್ವರ ಸಾಕು, ಕಿವಿಗೆ ಹಿಡಿಯುವಂಥದ್ದು. ಅದು ಆಮೇಲೆ ಸಂತೋಷದ ಜಾಗಗಳಲ್ಲೇ, ಒಳದನಿಗಳಲ್ಲಿ, ವಿಯೋಲದಲ್ಲೋ ಬಾಸ್ ಕ್ಲಾರಿನೆಟ್ಟಿನಲ್ಲೋ ಬರಲಿ. ಹಾಡುವವರ ದನಿಗೆ ಅದು ಎಂದೂ ಬರಬಾರದು. ಕೊನೆಯಲ್ಲಿ ಪಿಯಾನೊ ಒಂದೇ ಅದನ್ನು ನುಡಿಸಲಿ. ಇದರ ಅಪಾಯ, ಮೊದಲ ಸಲ ಸರಿಯಾಗಿ ನೆಡದಿದ್ದರೆ ಯಾರಿಗೂ ತಿಳಿಯದೆ ಹೋಗುವುದು. ಆದ್ದರಿಂದ ಪ್ರಸ್ತಾವನೆಯಲ್ಲಿ ಆ ಗುಚ್ಛದ ಮುಂದೆ ಪೂರ್ತಿ ಎರಡು ಸೆಕೆಂಡ್ ಮೌನ ಬಿಡಿ.

ಇದೇ ಕಾದಂಬರಿಯಿಂದ ಡಿ ಸಿಕಾ ಮಾಡಿದ 1970ರ ಸಿನಿಮಾ ನೋಡಿಯೇ ಇರುತ್ತೀರಿ. ಅದರಿಂದ ದೂರವಿರಿ, ಕಾನೂನಿಗಾಗಿಯೂ ಕಲೆಗಾಗಿಯೂ. ಮಿಕೋಲ್ ಮತ್ತು ಆಲ್ಬೆರ್ತೋನ ಗೆಳೆಯ ಮಲ್ನಾತೆಯ ಸಂಬಂಧ ಕಾದಂಬರಿಯಲ್ಲಿ ನಿರೂಪಕನ ಶಂಕೆ ಮಾತ್ರ, ಸಿನಿಮಾ ಅದನ್ನು ತೋರಿಸಿಬಿಟ್ಟಿತು. ಬಂಧನದ ಅಂತ್ಯವನ್ನೂ ಕಟ್ಟಿ ಸೇರಿಸಿತು. ಬಸ್ಸಾನಿ ಒಪ್ಪದೆ ಚಿತ್ರಕಥೆಯಿಂದ ತಮ್ಮ ಹೆಸರು ತೆಗೆಸಿದರು. ಹಕ್ಕುದಾರರು ರೂಪಾಂತರದ ಕರಡು ನೋಡುವಾಗ ಮೊದಲು ತಡಕುವ ಜಾಗ ಇದೇ ಆಗಿದ್ದರೆ ಆಶ್ಚರ್ಯವಿಲ್ಲ.

ಅಳತೆಗಳಿಗೆ ಬರೋಣ. ಮಾತಿನಲ್ಲಿ ನಿಮಿಷಕ್ಕೆ 140–150 ಇಂಗ್ಲಿಷ್ ಪದ ಹೋಗುತ್ತವೆ, ಹಾಡಿನಲ್ಲಿ ವಾದ್ಯದ ಬಿಡುವೂ ಸೇರಿ 60–70. ನೂರು ನಿಮಿಷಕ್ಕೆ ಆರೂವರೆ ಸಾವಿರ ಪದ, ಕಾದಂಬರಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನಿಮ್ಮ ಸ್ನೇಹಿತರ ಮೊದಲ ಕರಡು ಹನ್ನೆರಡು ಸಾವಿರ ಇರುತ್ತದೆ, ಬೈಯಬೇಡಿ, ಎಲ್ಲರದ್ದೂ ಹಾಗೇ. ಲಿಬ್ರೆಟೊ ಬೇರೆಯವರು ಬರೆಯುತ್ತಿರುವುದು ನಿಮ್ಮ ಪುಣ್ಯ. ಬ್ರಿಟಿಷ್ ಸಂಗೀತಕಾರ ನಿಕೋಲಸ್ ಮಾ ಇದೇ ಸಂಕಟದ ಇನ್ನೊಂದು ಕಾದಂಬರಿ ‘ಸೋಫೀಸ್ ಚಾಯ್ಸ್’ ಅನ್ನು 2002ರಲ್ಲಿ ಲಂಡನ್ನಿನ ರಾಯಲ್ ಒಪೇರಾಕ್ಕೆ ತಂದಾಗ ಲಿಬ್ರೆಟೊ ತಾವೇ ಬರೆದರು. ವಿರಾಮ ಸೇರಿ ನಾಲ್ಕು ಗಂಟೆ ದಾಟಿತು, ವಿಮರ್ಶಕರ ದೊಡ್ಡ ತಕರಾರೂ ಅದೇ ಆಯಿತು.

ಹತ್ತು–ಹನ್ನೊಂದು ದೃಶ್ಯಕ್ಕಿಂತ ಹೆಚ್ಚು ಬೇಡ. ಪ್ರಸ್ತಾವನೆ 5 ನಿಮಿಷ, ಟೆನ್ನಿಸ್ 12, ಮಳೆಯಲ್ಲಿ ಹಳೆಯ ಸಾರೋಟಿನೊಳಗೆ ಇಬ್ಬರೇ ಕೂತ ದೃಶ್ಯ 9, ಪಾಸೋವರ್ ರಾತ್ರಿ 14, ತಂದೆ–ಮಗನ ನಡುರಾತ್ರಿಯ ಮಾತು 9, ಉಪಸಂಹಾರ 6ಕ್ಕೆ ಮೀರದೆ. ಪಾಸೋವರಿಗೆ ಹೆಚ್ಚು ಕೊಟ್ಟದ್ದೇಕೆಂದರೆ ಒಪೇರಾ ಕಾದಂಬರಿಯನ್ನು ಮೀರಿಸುವ ಜಾಗ ಅದು. ನಿರೂಪಕನ ಮನೆಯ ಮಂಕು ಊಟ, ಫಿಂಝಿ-ಕೊಂತಿನಿಗಳ ಮನೆಯ ನಗು, ಪುಟದಲ್ಲಿ ಒಂದಾದ ಮೇಲೆ ಒಂದು ಬರಬೇಕು. ರಂಗದಲ್ಲಿ ಒಟ್ಟಿಗೆ ಹಾಡಬಹುದು, ಆರೂ ದನಿ, ಎರಡು ಗತಿ. ಟೆಲಿಫೋನ್ ಮಾತುಕತೆಯೂ ಹಾಗೆಯೇ: ಒಬ್ಬರಿಗೊಬ್ಬರು ಕಾಣದೆ, ಒಟ್ಟಿಗೇ ಹಾಡುವ ಯುಗಳ.

ಆರು ದನಿ ಹಂಚುವಾಗ ನಿರೂಪಕ ಟೆನರ್ (ಎತ್ತರದ ಗಂಡುದನಿ), ಮಲ್ನಾತೆ ಗಟ್ಟಿ ಬ್ಯಾರಿಟೋನ್ (ಮಧ್ಯದ ಗಂಡುದನಿ), ಆಲ್ಬೆರ್ತೋ ಹಗುರ ಬ್ಯಾರಿಟೋನ್, ಮಿಕೋಲ್ ಸೊಪ್ರಾನೊ (ಎತ್ತರದ ಹೆಣ್ಣುದನಿ), ಇಬ್ಬರೂ ತಾಯಂದಿರು ಒಬ್ಬಳೇ ಮೆಜೊ (ಮಧ್ಯದ ಹೆಣ್ಣುದನಿ). ನಿರೂಪಕನ ತಂದೆ ಮತ್ತು ಪ್ರೊಫೆಸರ್ ಎರ್ಮಾನ್ನೊ ಇಬ್ಬರನ್ನೂ ಒಬ್ಬನೇ ಬಾಸ್-ಬ್ಯಾರಿಟೋನ್ ಮಾಡಲಿ. ಪಕ್ಷವನ್ನು ನಂಬಿ ಕೆಟ್ಟ ತಂದೆ, ಜಗತ್ತಿನಿಂದ ಮುಖ ತಿರುಗಿಸಿದ ತಂದೆ, ಒಂದೇ ಗಂಟಲಿನಿಂದ. ಈ ಲೆಕ್ಕದಲ್ಲಿ ಹಿರಿಯ ನಿರೂಪಕನಿಗೆ ಜಾಗ ಉಳಿಯುವುದಿಲ್ಲ, ಮೂರನೆಯ ದಾರಿಯತ್ತ ನಾನು ವಾಲುವುದಕ್ಕೆ ಅದೂ ಒಂದು ಕಾರಣ. ಪ್ರಸ್ತಾವನೆ, ಉಪಸಂಹಾರಗಳನ್ನು ಟೆನರೇ ಹಾಡಲಿ.

ಮಿಕೋಲಳ ಮುಖ್ಯ ಮಾತುಗಳನ್ನು ತಾರದಲ್ಲಿ ಇಡಬೇಡಿ. ಸೊಪ್ರಾನೊ ಐದನೇ ಸಪ್ತಕದ ಎಫ್ ದಾಟಿದರೆ ‘ಇ’, ‘ಎ’, ‘ಉ’ ಎಲ್ಲ ‘ಆ’ ಕಡೆಗೆ ಕರಗುತ್ತವೆ. ಅದು ಗಾಯಕಿಯ ದೋಷವಲ್ಲ, ಬಾಯಿಯ ಅನುರಣನದ ಮಿತಿ. ಅವಳು ಅವನನ್ನು ನಿರಾಕರಿಸುವ ಮಾತು ಮಧ್ಯದಲ್ಲಿ, ಬಹುತೇಕ ಮಾತಿನ ಎತ್ತರದಲ್ಲಿ ಬರಲಿ, ತಂತಿವಾದ್ಯಗಳೂ ಸುಮ್ಮನಿರಲಿ. ಸಣ್ಣ ಸಭಾಂಗಣದಲ್ಲಿ ವಾದ್ಯದವರು ಕೂರಲು ರಂಗದ ಮುಂದೆ ತಗ್ಗು ಇರುವುದಿಲ್ಲ, ಟ್ರಂಪೆಟ್ ಒಂದು ಸಾಕು, ಅದೂ ಟೆನರ್ ಹಾಡುವಾಗ ಬೇಡ.

ಒಪ್ಪಿಗೆ ಸಿಗದಿದ್ದರೆ? ಬದುಕಿರುವ ಲೇಖಕರೊಬ್ಬರ ಕೃತಿಗೆ ನೇರವಾಗಿ ಅವರನ್ನೇ ಕೇಳುವುದು ಒಂದು ದಾರಿ. ಇನ್ನೊಂದು, ಆಜ್ಞೆಗಳ ಪಠ್ಯ, ಪತ್ರಿಕೆ, ಸಮುದಾಯದ ದಾಖಲೆಗಳಿಂದ ಸ್ವಂತ ಕಥೆ ಕಟ್ಟುವುದು. ಫೆರಾರಾದಲ್ಲಿ 2017ರಲ್ಲಿ ತೆರೆದ ಇಟಾಲಿಯನ್ ಯೆಹೂದಿ ಧರ್ಮ ಮತ್ತು ಶೋಆ (ನಾಜಿ ನರಮೇಧ) ರಾಷ್ಟ್ರೀಯ ಮ್ಯೂಸಿಯಂ ಇದೆ, ವಿಯಾ ಪಿಯಾಂಜಿಪಾನೆಯ ಹಳೆಯ ಜೈಲಿನ ಕಟ್ಟಡದಲ್ಲಿ. 1943ರಲ್ಲಿ ಬಸ್ಸಾನಿಯನ್ನು ಕೂಡಿಹಾಕಿದ್ದು ಅದೇ ಜೈಲಿನಲ್ಲಿ. ಹೋದರೆ ಅಲ್ಲಿಗೆ ಹೋಗಿ, ಫಿಂಝಿ-ಕೊಂತಿನಿಗಳ ತೋಟ ಎಲ್ಲಿ ಎಂದು ಮಾತ್ರ ಕೇಳಬೇಡಿ. ಅದು ಇರುವುದು ಪುಸ್ತಕದಲ್ಲಷ್ಟೇ.

ಹಕ್ಕಿನ ಪತ್ರಕ್ಕೆ ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಸಾರೋಟಿನ ದೃಶ್ಯ ಒಂದನ್ನೇ, ಪಿಯಾನೊ ಮತ್ತು ಇಬ್ಬರು ಗಾಯಕರಿಗೆ ಬರೆದು, ಮನೆಯಲ್ಲೇ ಹಾಡಿಸಿ ಕೇಳಿ. ಅವನು ಅವಳ ಕೈ ಹಿಡಿಯದೆ ಕುಳಿತ ಒಂಬತ್ತು ನಿಮಿಷ ನಿಮ್ಮ ಸಂಗೀತದಲ್ಲಿ ನಿಂತರೆ ಉಳಿದದ್ದನ್ನು ಬರೆಯಬಹುದು. ವಾದ್ಯವಿನ್ಯಾಸಕ್ಕೆ ಮಾತ್ರ ಸಹಿ ಬೀಳುವವರೆಗೆ ಕೈ ಹಾಕಬೇಡಿ.